ಅಪ್ಪ ಹೋಗಿದ್ದ ಶ್ರೀಲಂಕಾ ಕಾರ್ಯಾಚರಣೆ ಗೆದ್ದಿದ್ದೋ ಸೋತಿದ್ದೋ, ಯಾವ ಅಳತೆಯಲ್ಲಿ ಹೇಳಬೇಕು?

ಮಲಪ್ರಭೆ ದಂಡೆಯವಳು, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಗಣೇಶಪುರದಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇದ್ದವರು. ಇಲ್ಲೇ ಕ್ಯಾಂಪಿನ ಸೆಂಟರ್‌ನಲ್ಲಿ ತರಬೇತಿ ಆಯಿತು, ಇಲ್ಲೇ ಕಸಂ ಪರೇಡ್ ಆಯಿತು. 1987ರಲ್ಲಿ ಅವರನ್ನು ಶ್ರೀಲಂಕಾಕ್ಕೆ ಕಳಿಸಿದರು. ಶಾಂತಿ ಪಾಲನಾ ಪಡೆ, ಐಪಿಕೆಎಫ್ ಅಂತಾರಲ್ಲ, ಅದರಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ. "ಜಗಳ ಬಿಡಿಸೋ ಕೆಲಸ ಅಷ್ಟೇ, ದೀಪಾವಳಿಗೆ ಬರ್ತೀನಿ" ಅಂತ ಅವ್ವನಿಗೆ ಹೇಳಿ ಹೋಗಿದ್ದರಂತೆ. ಆ ದೀಪಾವಳಿಗೆ ಬರಲಿಲ್ಲ. ಬಂದಾಗ ಎಡಗಾಲಿನ ಮೀನಖಂಡದಲ್ಲಿ ಸ್ಫೋಟದ ಚೂರು ಹೊಕ್ಕ ಗಾಯ ಇತ್ತು. ಅದರ ಗುರುತು ಈಗಲೂ ಇದೆ. ಮಳೆಗಾಲದಲ್ಲಿ ರಾತ್ರಿ ಎದ್ದು ಕಾಲು ತಿಕ್ಕಿಕೊಳ್ಳುತ್ತಾ ಕೂರುತ್ತಾರೆ.

ಹೋದ ತಿಂಗಳು ಸಂಬಂಧಿಕರ ಮನೆಯಲ್ಲಿ ಒಂದು ನಿಶ್ಚಯ ಇತ್ತು. ಊಟದ ಪಂಕ್ತಿಯಲ್ಲಿ ಕೂತಾಗ ಒಬ್ಬ ಹುಡುಗ, ಓದಿದವನು, ಒಳ್ಳೆ ಕೆಲಸದಲ್ಲಿ ಇರುವವನು, "ಕಾಕಾ, ನೀವು ಹೋಗಿದ್ದು ಸೋತ ಯುದ್ಧ ಅಲ್ವಾ, ಹೊಡೆಸಿಕೊಂಡು ವಾಪಸ್ ಬಂದಿದ್ದು" ಅಂದುಬಿಟ್ಟ. ಅವನಿಗೆ ನೋಯಿಸುವ ಉದ್ದೇಶ ಇರಲಿಲ್ಲ ಅನ್ನಿಸುತ್ತೆ, ಎಲ್ಲೋ ಓದಿದ್ದನ್ನು ಹೇಳಿದ. ಅಪ್ಪ ಏನೂ ಅನ್ನಲಿಲ್ಲ. ಎಲೆಯಲ್ಲಿ ಹೋಳಿಗೆ ಹಾಗೇ ಇತ್ತು. ಎದ್ದು ಕೈ ತೊಳೆದುಕೊಂಡು ಹೊರಗೆ ಹೋಗಿ ನಿಂತರು.

ನನಗೆ ಆ ಹುಡುಗನ ಮೇಲೆ ಸಿಟ್ಟು ಬಂತು. ಆದರೆ ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅದೇ ಈಗಲೂ ಕೊರೆಯುತ್ತಿದೆ. ಅವನು ಹೇಳಿದ್ದು ನಿಜವಾ? 1971ರ ಬಾಂಗ್ಲಾ ಯುದ್ಧ ಅಂದ ತಕ್ಷಣ ಎಲ್ಲರೂ ಗೆಲುವು ಅಂತಾರೆ, ಯಾರೂ ವಾದ ಮಾಡಲ್ಲ. ಶ್ರೀಲಂಕಾ ಅಂದರೆ ಯಾಕೆ ಎಲ್ಲರೂ ಮಾತು ತಿರುಗಿಸುತ್ತಾರೆ? ಪಕ್ಕದ ದೇಶಕ್ಕೆ ಸೈನ್ಯ ಕಳಿಸಿದಾಗ ಅದು ಗೆದ್ದಿತು ಅಥವಾ ಸೋತಿತು ಅಂತ ಯಾವುದನ್ನು ನೋಡಿ ಹೇಳುವುದು? ಸತ್ತವರ ಲೆಕ್ಕವಾ, ಹಿಡಿದ ಊರುಗಳ ಲೆಕ್ಕವಾ, ಆಮೇಲೆ ಏನಾಯಿತು ಅನ್ನುವುದಾ? ತಿಳಿದವರು ಬಿಡಿಸಿ ಹೇಳಿ. ಅಪ್ಪನನ್ನು ಸಮಾಧಾನ ಮಾಡುವ ಮಾತು ಬೇಡ, ನಿಜ ಬೇಕು.

ಹಳೇ ಫೌಜಿ, ಬೈಲಹೊಂಗಲ

ತಂಗಿ, ನಿನ್ನ ಪ್ರಶ್ನೆ ಓದಿ ಎರಡು ದಿನ ಸುಮ್ಮನೆ ಕೂತಿದ್ದೆ. ನಾನೂ ಅಲ್ಲಿದ್ದವನು. ನಿಮ್ಮ ಅಪ್ಪನ ಪಲ್ಟನ್ ಅಲ್ಲ, ಬೇರೆ. ಅವರು ಯಾಕೆ ಮಾತಾಡದೆ ಎದ್ದು ಹೋದರು ಅಂತ ನನಗೆ ಗೊತ್ತು.

ಮೊದಲು ನಡೆದದ್ದನ್ನು ಹೇಳುತ್ತೇನೆ. 1987 ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಅಲ್ಲಿನ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ 54ನೇ ಡಿವಿಜನ್ ಉತ್ತರದ ತಮಿಳರ ಪಟ್ಟಣ ಜಾಫ್ನಾ ಹತ್ತಿರ ಪಲಾಲಿಯಲ್ಲಿ ಇಳಿಯಲು ಶುರು ಮಾಡಿತು. ಅದೇ ಮರುದಿನ ಕೊಲಂಬೊದಲ್ಲಿ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಗಾಂಧಿಗೆ ಸಾಲಿನಲ್ಲಿ ನಿಂತಿದ್ದ ಸಿಂಹಳೀಯ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದ. ನಾವು ಕಾಲಿಟ್ಟ ದೇಶದ ಒಂದು ಭಾಗ ನಮ್ಮನ್ನು ಹೇಗೆ ನೋಡುತ್ತಿತ್ತು ಅಂತ ಮೊದಲ ದಿನವೇ ಗೊತ್ತಾಗಿತ್ತು. ಜಾಫ್ನಾದಲ್ಲಿ ಮಾತ್ರ ಜನ ಹೂಮಾಲೆ ಹಾಕಿದರು. ಎಳನೀರು ಕೊಟ್ಟರು.

ನಮಗೆ ಹೇಳಿದ ಕೆಲಸ ಏನು? ಎರಡೂ ಕಡೆಯವರನ್ನು, ಅಂದರೆ ಶ್ರೀಲಂಕಾ ಸೈನ್ಯವನ್ನೂ ಬಂದೂಕು ಹಿಡಿದ ತಮಿಳು ಹುಡುಗರನ್ನೂ, ದೂರ ನಿಲ್ಲಿಸುವುದು, ಆ ಹುಡುಗರು ಒಪ್ಪಿಸುವ ಆಯುಧ ತೆಗೆದುಕೊಳ್ಳುವುದು. ಪ್ರತ್ಯೇಕ ತಮಿಳು ದೇಶಕ್ಕಾಗಿ ಹೊಡೆದಾಡುತ್ತಿದ್ದ ಎಲ್‌ಟಿಟಿಇ ಗುಂಪು ತೋರಿಕೆಗೆ ಒಂದಿಷ್ಟು ಒಪ್ಪಿಸಿತು. ಸೆಪ್ಟೆಂಬರ್ 26ಕ್ಕೆ ಅವರ ತಿಲೀಪನ್ ಉಪವಾಸ ಮಾಡಿ ಸತ್ತ, ಜನರ ಮನಸ್ಸು ತಿರುಗಿತು. ಅಕ್ಟೋಬರ್ ಮೊದಲ ವಾರ ಶ್ರೀಲಂಕಾ ನೌಕಾಪಡೆ ಸಮುದ್ರದಲ್ಲಿ ಅವರ 17 ಜನರನ್ನು ಹಿಡಿಯಿತು. ಕೊಲಂಬೊಗೆ ಒಯ್ಯುತ್ತಾರೆ ಅಂತಾದಾಗ ಅವರು ಸಯನೈಡ್ ನುಂಗಿದರು. 12 ಜನ ಸತ್ತರು, ಅದರಲ್ಲಿ ಪುಲೇಂದ್ರನ್, ಕುಮಾರಪ್ಪ ಅನ್ನುವ ದೊಡ್ಡ ಕಮಾಂಡರ್‌ಗಳೂ ಇದ್ದರು. ಅಲ್ಲಿಂದ ಒಂದು ವಾರದೊಳಗೆ ನಮಗೆ ಹೊಸ ಹುಕುಂ ಬಂತು: ಜಾಫ್ನಾ ಹಿಡಿಯಿರಿ. ಆಪರೇಷನ್ ಪವನ್.

ತಂಗಿ, ನಮ್ಮ ಕಡೆ ಕುಸ್ತಿ ನೋಡಿದ್ದೀಯಲ್ಲ. ಮಟ್ಟಿಗೆ ಇಳಿಯುವ ಮೊದಲು ಎದುರು ಜೋಡಿ ಯಾರು ಅಂತ ಪೈಲವಾನನಿಗೆ ಹೇಳುತ್ತಾರೆ. ನಮ್ಮನ್ನು ಪಂಚರು ಅಂತ ಮಟ್ಟಿಗೆ ಇಳಿಸಿದರು, ಅರ್ಧ ಆಟದಲ್ಲಿ ನೀನೇ ಕುಸ್ತಿ ಹಿಡಿ ಅಂದರು. ಕೈಯಲ್ಲಿದ್ದ ನಕ್ಷೆ ಹಳೆಯದು. ನಮ್ಮದು ಒತ್ತಿದರೆ ಒಂದೇ ಗುಂಡು ಹಾರುವ ಎಸ್‌ಎಲ್‌ಆರ್ ಬಂದೂಕು, ಅವರದು ಸರಣಿ ಗುಂಡು ಹಾರಿಸುವ ಎಕೆ 47. ರಸ್ತೆ ಕೆಳಗೆಲ್ಲ ನೆಲಬಾಂಬ್ ಹೂತಿದ್ದರು. ಅಕ್ಟೋಬರ್ 11ರ ರಾತ್ರಿ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಹಿಡಿಯಬೇಕು ಅಂತ ಹೆಲಿಕಾಪ್ಟರ್‌ನಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಕಮಾಂಡೋಗಳನ್ನೂ 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರನ್ನೂ ಇಳಿಸಿದರು. ಅವರು ಬರುವ ಸುದ್ದಿ ಎದುರಿನವರಿಗೆ ಮೊದಲೇ ತಿಳಿದಿತ್ತು. ಉಳಿದವರನ್ನು ತರಬೇಕಾದ ಹೆಲಿಕಾಪ್ಟರ್‌ಗಳಿಗೆ ಮತ್ತೆ ಇಳಿಯಲು ಆಗಲಿಲ್ಲ. ಆ 30 ಸಿಖ್ಖರಲ್ಲಿ 29 ಜನ ಅಲ್ಲೇ ಹೋದರು. ಗುಂಡು ಮುಗಿಯುವ ತನಕ ಹೊಡೆದಿದ್ದಾರೆ.

ಇಷ್ಟಾದರೂ ಆ ತಿಂಗಳು ಮುಗಿಯುವುದರೊಳಗೆ ಜಾಫ್ನಾ ಪಟ್ಟಣ ನಮ್ಮ ಕೈಯಲ್ಲಿತ್ತು. 200ಕ್ಕೂ ಹೆಚ್ಚು ಜನ ಅದಕ್ಕೆ ಜೀವ ಕೊಟ್ಟರು. ನವೆಂಬರ್ 25ಕ್ಕೆ 8 ಮಹಾರ್ ಪಲ್ಟನ್‌ನ ಮೇಜರ್ ಪರಮೇಶ್ವರನ್ ಎದೆಗೆ ಗುಂಡು ಬಿದ್ದ ಮೇಲೂ ಹೊಡೆದವನ ಬಂದೂಕು ಕಸಿದು ಅವನನ್ನೇ ಕೊಂದು, ಸಾಯುವ ತನಕ ತನ್ನ ಹುಡುಗರಿಗೆ ಹುಕುಂ ಕೊಡುತ್ತಿದ್ದರು. ಅವರಿಗೆ ಪರಮವೀರ ಚಕ್ರ ಬಂತು. ಸೋತು ಓಡಿ ಬಂದ ಸೈನ್ಯದಲ್ಲಿ ಇಂಥ ಕೆಲಸ ನಡೆಯುತ್ತಾ?

ನನ್ನ ಅಳತೆ ಇಷ್ಟೇ. ಪಲ್ಟನ್‌ಗೆ ಹೇಳಿದ ಕೆಲಸ ಪಲ್ಟನ್ ಮಾಡಿತು, ಪ್ರತಿ ಸಲ ಮಾಡಿತು. ಕೆಲಸವೇ ಮೂರು ಸಲ ಬದಲಾಯಿತು, ಅದು ನಿಮ್ಮ ಅಪ್ಪನ ತಪ್ಪಲ್ಲ.

ಗುಮ್ಮಟದೂರಿನ ಮೇಷ್ಟ್ರು, ವಿಜಯಪುರ

ಫೌಜಿ ಕಾಕಾ ಹೇಳಿದ್ದಕ್ಕೆ ತಲೆಬಾಗುತ್ತೇನೆ. ಆದರೆ ತಂಗಿ ಕೇಳಿದ್ದು ಇನ್ನೂ ಸ್ವಲ್ಪ ದೊಡ್ಡ ಪ್ರಶ್ನೆ. ಪಲ್ಟನ್ ಗೆದ್ದು ದೇಶ ಸೋಲಬಹುದು. ಹಾಗಾಗಿ ಕಳಿಸಿದವರು ಏನು ಬೇಕು ಅಂತ ಕಳಿಸಿದರು, ಅದು ಸಿಕ್ಕಿತಾ ಅಂತ ನೋಡಬೇಕು. ನಾನು ಪದವಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳುತ್ತೇನೆ, ಅವರಿಗೂ ಇದನ್ನೇ ಹೇಳುವುದು: ಮೊದಲು ಒಪ್ಪಂದದ ಕಾಗದ ತೆಗೆದು ಓದಿ.

ಆ ಕಾಗದದಲ್ಲಿ ಶ್ರೀಲಂಕಾ ಒಡೆಯಬಾರದು ಅಂತ ಇದೆ. ತಮಿಳರು ಜಾಸ್ತಿ ಇರುವ ಉತ್ತರ ಮತ್ತು ಪೂರ್ವವನ್ನು ಸೇರಿಸಿ ಒಂದು ಪ್ರಾಂತ ಮಾಡಬೇಕು, ಅದಕ್ಕೆ ಚುನಾಯಿತ ಮಂಡಳಿ ಕೊಡಬೇಕು, ತಮಿಳಿಗೂ ಅಧಿಕೃತ ಭಾಷೆಯ ಸ್ಥಾನ ಕೊಡಬೇಕು ಅಂತ ಇದೆ. ಅದರ ಜೊತೆ ಹೋದ ಪತ್ರಗಳಲ್ಲಿ ಇನ್ನೊಂದು ವಿಷಯ, ನನ್ನ ಪ್ರಕಾರ ದೆಹಲಿಗೆ ಅದೇ ಮುಖ್ಯ: ಟ್ರಿಂಕೋಮಲಿ ಬಂದರನ್ನು ಭಾರತಕ್ಕೆ ತೊಂದರೆ ಆಗುವ ಹಾಗೆ ಬೇರೆ ದೇಶದ ಸೈನ್ಯಕ್ಕೆ ಕೊಡಬಾರದು, ಅಲ್ಲಿನ ಬ್ರಿಟಿಷರ ಕಾಲದ ಎಣ್ಣೆ ಟ್ಯಾಂಕ್‌ಗಳನ್ನು ಎರಡೂ ದೇಶ ಸೇರಿ ನಡೆಸಬೇಕು.

ಈಗ ಒಂದೊಂದೇ ನೋಡಿ. 1987 ನವೆಂಬರ್‌ನಲ್ಲಿ ಶ್ರೀಲಂಕಾ ತನ್ನ ಸಂವಿಧಾನಕ್ಕೆ 13ನೇ ತಿದ್ದುಪಡಿ ತಂದಿತು. ಪ್ರಾಂತೀಯ ಮಂಡಳಿಗಳು ಬಂದವು, ತಮಿಳಿಗೂ ಸ್ಥಾನ ಸಿಕ್ಕಿತು. 1988 ನವೆಂಬರ್‌ನಲ್ಲಿ ನಮ್ಮ ಸೈನಿಕರ ಕಾವಲಿನಲ್ಲಿ ಉತ್ತರ ಪೂರ್ವ ಪ್ರಾಂತದ ಚುನಾವಣೆ ನಡೆದು ವರದರಾಜ ಪೆರುಮಾಳ್ ಮುಖ್ಯಮಂತ್ರಿ ಆದರು. ಆ ಹೊತ್ತಿಗೆ ಯಾರಾದರೂ ಕೇಳಿದ್ದರೆ ಗೆದ್ದಿದ್ದೇವೆ ಅನ್ನಬಹುದಿತ್ತು.

1990 ಮಾರ್ಚ್ 24ಕ್ಕೆ ಕೊನೆಯ ಹಡಗು ಟ್ರಿಂಕೋಮಲಿ ಬಿಟ್ಟಾಗ ಕೇಳಿದ್ದರೆ? ಪೂರ್ತಿ ಸೋಲು. ಮುಖ್ಯಮಂತ್ರಿ ಪೆರುಮಾಳ್ ದೇಶ ಬಿಡಬೇಕಾಯಿತು, ನಮ್ಮವರು ಖಾಲಿ ಮಾಡಿದ ಜಾಗಕ್ಕೆಲ್ಲ ಎಲ್‌ಟಿಟಿಇ ಬಂದು ಕೂತಿತು. ಉತ್ತರ ಪೂರ್ವದ ವಿಲೀನವನ್ನು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಉತ್ತರ ಪ್ರಾಂತದ ಮಂಡಳಿಗೆ 2018ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಮಾಡಲಿಲ್ಲ. ಆದರೂ ತಮಿಳರಿಗೆ ಪಾಲು ಕೊಡುವ ಮಾತು ಬಂದಾಗಲೆಲ್ಲ ಇವತ್ತಿಗೂ ಕೈಗೆ ಸಿಗುವ ಕಾನೂನು ಅದೊಂದೇ, ಆ 13ನೇ ತಿದ್ದುಪಡಿ. ಭಾರತದ ಪ್ರಧಾನಿ ಕೊಲಂಬೊಗೆ ಹೋದಾಗಲೂ ಅದನ್ನು ಕೇಳಿದ್ದಾರೆ. ಅದು ಆ ಒಪ್ಪಂದದಿಂದ ಬಂದದ್ದು.

ಟ್ರಿಂಕೋಮಲಿಯಲ್ಲಿ ಬೇರೆ ದೇಶದ ಸೈನ್ಯ ನೆಲೆ ಹೂಡಲಿಲ್ಲ. ಎಣ್ಣೆ ಟ್ಯಾಂಕ್‌ಗಳ ವಿಷಯ 2003ರಲ್ಲಿ ಶುರುವಾಗಿ 2022 ಜನವರಿಯಲ್ಲಿ ಒಂದು ದಡ ಮುಟ್ಟಿತು. ಒಟ್ಟು 99 ಟ್ಯಾಂಕ್, ಅದರಲ್ಲಿ 61ನ್ನು ಇಬ್ಬರೂ ಸೇರಿ ಅಭಿವೃದ್ಧಿ ಮಾಡುವುದು ಅಂತ ಆಯಿತು. ಸಹಿ ಹಾಕಿ ಹತ್ತಿರ ಹತ್ತಿರ 35 ವರ್ಷ! ಹಾಗಾದರೆ ಇದು ಗೆಲುವಾ? ಸೈನ್ಯ ಕಳಿಸದೆ ಬರೀ ಮಾತುಕತೆಯಲ್ಲೇ ಇದು ಸಿಗುತ್ತಿರಲಿಲ್ಲವಾ ಅಂತಲೂ ಕೇಳಬೇಕು. ನನಗೆ ಸಿಗುತ್ತಿತ್ತು ಅನ್ನಿಸುತ್ತೆ. ಅದಕ್ಕೇ ನಾನು ಇದನ್ನು ಗೆಲುವು ಅಂತ ಬರೆಯಲು ತಯಾರಿಲ್ಲ.

ಖಡಕ್ ರೊಟ್ಟಿ, ಗೋಕಾಕ

ಮೇಷ್ಟ್ರೇ, ನೀವು ಬಹಳ ಮೆತ್ತಗೆ ಹೇಳಿದಿರಿ. ನಾನು ನೇರವಾಗಿ ಹೇಳುತ್ತೇನೆ, ಅಕ್ಕ ಬೇಜಾರು ಮಾಡಿಕೊಳ್ಳಬಾರದು. ಇದು ಸೋಲು. ಸೈನಿಕರದ್ದಲ್ಲ, ದೆಹಲಿಯದ್ದು. ಸೋಲು ಅಂತ ಬಾಯಿಬಿಟ್ಟು ಹೇಳದೆ ಇದ್ದರೆ ಮುಂದೆ ಇದೇ ತಪ್ಪು ಇನ್ನೊಂದು ಊರಿನ ಹುಡುಗರ ಮೇಲೆ ಬೀಳುತ್ತೆ.

ಶುರುವಿನಿಂದ ನೋಡಿ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಘೋರ ಹಿಂಸೆ ನಡೆಯಿತು. ಆಮೇಲೆ ಅಲ್ಲಿನ ತಮಿಳು ಹುಡುಗರ ಗುಂಪುಗಳಿಗೆ ಆಯುಧ, ತರಬೇತಿ ಕೊಟ್ಟವರು ಯಾರು? ನಾವೇ. 1987 ಜೂನ್ 4ಕ್ಕೆ ಜಾಫ್ನಾ ಮೇಲೆ ಅಕ್ಕಿ ಬೇಳೆ ಉದುರಿಸಿ ಬಂದ ವಿಮಾನಗಳು ಹೊರಟಿದ್ದು ನಮ್ಮ ಬೆಂಗಳೂರಿನಿಂದಲೇ, ಜೊತೆಗೆ ಕಾವಲಿಗೆ ಮಿರಾಜ್‌ಗಳು. ಅಲ್ಲಿನ ಸರ್ಕಾರಕ್ಕೆ ಅದು ಬೆದರಿಕೆ ಆಗಿ ಕಂಡಿತು, ತಮಿಳರಿಗೆ ನಾವು ಅವರ ಪರ ಅಂತ ಕಂಡಿತು. ಎರಡು ತಿಂಗಳಿಗೇ ಆ ಸರ್ಕಾರದ ಪರವಾಗಿ ಆ ಹುಡುಗರ ಆಯುಧ ಕಿತ್ತುಕೊಳ್ಳಲು ಹೋದೆವು. ಎರಡೂ ಕಡೆಯವರಿಗೂ ನಾವು ನಂಬಿಕೆಗೆ ಅರ್ಹರಲ್ಲದವರು ಆದೆವು. ಒಪ್ಪಂದಕ್ಕೆ ಎಲ್‌ಟಿಟಿಇ ಸಹಿಯೇ ಇರಲಿಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲ ನೋಡಿ. ಜಗಳ ಆಡುತ್ತಿರುವವನ ಸಹಿ ಇಲ್ಲದೆ ಅವನ ಜಗಳದ ರಾಜಿ ಪತ್ರ!

ಆಮೇಲೆ 1989ರಲ್ಲಿ ಪ್ರೇಮದಾಸ ಅಧ್ಯಕ್ಷ ಆದರು. ಭಾರತದ ಸೈನ್ಯ ಜುಲೈ 29ರೊಳಗೆ ಹೊರಡಬೇಕು ಅಂದರು. ಅಷ್ಟೇ ಅಲ್ಲ, ನಮ್ಮ ವಿರುದ್ಧ ಹೊಡೆದಾಡಲಿ ಅಂತ ಎಲ್‌ಟಿಟಿಇಗೆ ಆಯುಧ ಕೊಟ್ಟರು. ನಾವು ಯಾರನ್ನು ಕಾಪಾಡಲು ಹೋಗಿದ್ದೆವೋ ಆ ಸರ್ಕಾರ, ಯಾರನ್ನು ಹೊಡೆಯುತ್ತಿದ್ದೆವೋ ಅವರಿಗೆ ಗುಂಡು ಕೊಡುತ್ತಿತ್ತು. ಅಲ್ಲಿ ನಮ್ಮ ಸುಮಾರು 1,200 ಜನ ಸತ್ತರು. ನಾವು ಕೂರಿಸಿದ ಮುಖ್ಯಮಂತ್ರಿಯ ಪಕ್ಷದ ನಾಯಕ ಪದ್ಮನಾಭ ಅವರನ್ನು 1990 ಜೂನ್‌ನಲ್ಲಿ ಎಲ್‌ಟಿಟಿಇ ಮದ್ರಾಸಿನಲ್ಲೇ ಬಂದು ಕೊಂದಿತು. 1991 ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯನ್ನೇ ಕೊಂದಿತು. ಆ ಕೊಲೆಯ ಸಂಚುಕೋರ ಶಿವರಾಸನ್ ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ, ಹೆಣವಾಗಿ. ಪಕ್ಕದ ಮನೆಯ ಬೆಂಕಿ ಆರಿಸಲು ಹೋಗಿ ನಮ್ಮ ಮನೆಯ ಜಂತಿಗೇ ಹತ್ತಿಸಿಕೊಂಡೆವು.

ಹೋಗುವಾಗ ಆಯಕಟ್ಟಿನ ಜಾಗದಲ್ಲಿ ಕೂತಿದ್ದವರು ತಪ್ಪು ಲೆಕ್ಕ ಹಾಕಿದರು, ಆ ಹುಡುಗರು ನಮಗೆ ತಿರುಗಿ ಬೀಳುವುದಿಲ್ಲ ಅಂದುಕೊಂಡರು. ಅವರ ತಪ್ಪನ್ನು ನಿಮ್ಮ ಅಪ್ಪನ ಕಾಲು ತೀರಿಸಿತು. ಆ ಹುಡುಗ ಪಂಕ್ತಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ತಪ್ಪು ಮನುಷ್ಯನಿಗೆ ಕೇಳಿದ.

ಘಟಪ್ರಭೆ, ಮುಧೋಳ

1971ರ ಮಾತು ಬಂದಿತ್ತಲ್ಲ, ಅದಕ್ಕೆ ಒಂದು ಮಾತು. ಅಕ್ಕಾವ್ರೇ, ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಬೆಟಾಲಿಯನ್, ಜಂಗಿ ಪಲ್ಟನ್ ಅಂತಾರೆ, ಅದು ಎರಡೂ ಕಡೆ ಇತ್ತು. 1971 ಡಿಸೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿ, 1987ರಲ್ಲಿ ಜಾಫ್ನಾದಲ್ಲಿ.

ಜಮಾಲ್‌ಪುರದ ಕಥೆ ಬೆಳಗಾವಿಯಲ್ಲಿ ಫೌಜಿಗಳು ಈಗಲೂ ಹೇಳುತ್ತಾರೆ. ಅಲ್ಲಿದ್ದ ಪಾಕಿಸ್ತಾನದ 31 ಬಲೂಚ್ ಪಲ್ಟನ್‌ಗೆ ನಮ್ಮ ಬ್ರಿಗೇಡಿಯರ್ ಕ್ಲೇರ್ ಶರಣಾಗಿ ಅಂತ ಚೀಟಿ ಕಳಿಸಿದರು. ಅವರ ಕರ್ನಲ್ ಸುಲ್ತಾನ್ ಅಹಮದ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ. ಪೆನ್ನು ಬಿಟ್ಟು ಸ್ಟೆನ್‌ಗನ್ ಹಿಡಿದು ಬಾ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಆ ಪಲ್ಟನ್ ರಾತ್ರಿ ಢಾಕಾ ಕಡೆ ತಪ್ಪಿಸಿಕೊಂಡು ಹೋಗಲು ನೋಡಿದಾಗ ದಾರಿ ಕಟ್ಟಿ ಕೂತಿದ್ದವರು ನಮ್ಮ ಮರಾಠರು. ಬೆಳಗಾಗುವುದರೊಳಗೆ ಮುಗಿಯಿತು, ಜಮಾಲ್‌ಪುರ ಬಿತ್ತು. ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಮುಗಿದು 93,000 ಜನ ಕೈದಿಗಳಾದರು.

ಅದೇ ಊರಿನ ಸೆಂಟರ್, ಅದೇ ಪಲ್ಟನ್, ಅದೇ ಧೈರ್ಯ. 16 ವರ್ಷದ ಅಂತರ. ಒಂದಕ್ಕೆ ಮೆರವಣಿಗೆ, ಇನ್ನೊಂದಕ್ಕೆ ಮೌನ. ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಪೂರ್ವ ಬಂಗಾಳದ ಜನ ಬಹುಮತದಿಂದ ಪಾಕಿಸ್ತಾನದಿಂದ ಬಿಡುಗಡೆ ಬೇಡುತ್ತಿದ್ದರು, ಅವರದೇ ಹೋರಾಟಗಾರರ ಪಡೆ ಮುಕ್ತಿ ಬಾಹಿನಿ ದಾರಿ ತೋರಿಸುತ್ತಿತ್ತು. ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ಕಡೆ ಬಂದಿದ್ದರು, ಅವರು ವಾಪಸ್ ಮನೆಗೆ ಹೋಗಬೇಕು ಅನ್ನುವುದು ಸಿಪಾಯಿಗೂ ಅರ್ಥ ಆಗುವ ಗುರಿ. ತಯಾರಿಗೆ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡರು. ಇನ್ನೊಂದು, ಇದನ್ನು ಯಾರೂ ಗಮನಿಸುವುದಿಲ್ಲ: 1972ರ ಮಾರ್ಚ್ ಹೊತ್ತಿಗೆ ನಮ್ಮ ಸೈನ್ಯ ಅಲ್ಲಿಂದ ಹೊರಟು ಬಂದಿತ್ತು. ಮೂರು ತಿಂಗಳು! ಉಪಕಾರ ಮಾಡಿದ ನೆಂಟ ಉಪಕಾರ ಮಾಡಿ ಎದ್ದು ಹೋದರೆ ಮರ್ಯಾದೆ ಉಳಿಯುತ್ತೆ, ಹೊರಸು ಹಾಕಿಕೊಂಡು ಮಲಗಿದರೆ ಮನೆಯವರಿಗೇ ಭಾರ.

1988 ನವೆಂಬರ್ 3ರ ಮಾಲ್ಡೀವ್ಸ್ ಕೂಡ ಹಾಗೇ. ದಂಗೆಕೋರರು ನುಗ್ಗಿದಾಗ ಅಲ್ಲಿನ ಅಧ್ಯಕ್ಷ ಗಯೂಮ್ ತಾವೇ ಸಹಾಯ ಕೇಳಿದರು, ಆಗ್ರಾದಿಂದ ಹೊರಟ ಪ್ಯಾರಾಶೂಟ್ ಪಡೆಯ ಹುಡುಗರು ಅದೇ ರಾತ್ರಿ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದು ಅವರನ್ನು ಕಾಪಾಡಿದರು. ಆ ದಿನಗಳಲ್ಲಿ ನಿಮ್ಮ ಅಪ್ಪನಂಥ ಸಾವಿರಾರು ಜನ ಇನ್ನೂ ಶ್ರೀಲಂಕಾದ ಕಾಡಿನಲ್ಲೇ ಇದ್ದರು.

ಆದರೆ 1971ಕ್ಕೂ ಪೂರ್ತಿ ಅಂಕ ಕೊಡುವ ಮೊದಲು ಒಂದು ಯೋಚನೆ. 1975ರಲ್ಲಿ ಬಾಂಗ್ಲಾದೇಶ ಕಟ್ಟಿದ ನಾಯಕ ಮುಜೀಬ್ ಅವರನ್ನು ಮನೆಮಂದಿ ಸಮೇತ ಕೊಂದರು. 2024ರ ಆಗಸ್ಟ್‌ನಲ್ಲಿ ಅವರ ಮಗಳು, ಪ್ರಧಾನಿ ಆಗಿದ್ದ ಹಸೀನಾ, ದೇಶ ಬಿಟ್ಟು ನಮ್ಮಲ್ಲಿಗೇ ಓಡಿ ಬರಬೇಕಾಯಿತು. ಅದನ್ನೆಲ್ಲ 1971ರ ಸೈನಿಕರ ಸೋಲು ಅಂತ ಯಾರಾದರೂ ಅಂತಾರಾ? ಇಲ್ಲ ಅಲ್ವಾ. ಆ ನ್ಯಾಯ ನಿಮ್ಮ ಅಪ್ಪನಿಗೂ ಸಲ್ಲಬೇಕು.

ಇಳಕಲ್ ಹುಡುಗ, ಈಗ ಬೆಂಗಳೂರು

ಇಲ್ಲಿ ಎಲ್ಲರೂ ನಮ್ಮ ಕಡೆಯಿಂದಲೇ ಅಳೆಯುತ್ತಿದ್ದೇವೆ. ಹೋದದ್ದು ಅವರ ಊರಿಗೆ. ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ, ಅಕ್ಕ ನಿಜ ಬೇಕು ಅಂದಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಜಾಫ್ನಾ ಮೂಲದವರು. ಅವರ ಮನೆಯಲ್ಲಿ ದೀಪಾವಳಿ ಜೋರಾಗಿ ಮಾಡುವುದಿಲ್ಲ. 1987 ಅಕ್ಟೋಬರ್ 21, ಆ ವರ್ಷ ಅವರಿಗೆ ಅಂದೇ ದೀಪಾವಳಿ. ಆ ದಿನ ಭಾರತದ ಸೈನ್ಯ ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿ ಗುಂಡು ಹಾರಿಸಿತು. ರೋಗಿಗಳು, ಡಾಕ್ಟರ್‌ಗಳು, ನರ್ಸ್‌ಗಳು ಸೇರಿ ಸುಮಾರು 60-70 ಜನ ಸತ್ತರು. ಒಳಗಿನಿಂದ ಎಲ್‌ಟಿಟಿಇ ಗುಂಡು ಹಾರಿಸಿತು ಅಂತ ಸೈನ್ಯ ಹೇಳಿತು. ಬದುಕಿ ಉಳಿದ ಸಿಬ್ಬಂದಿ ಅದನ್ನು ಒಪ್ಪಲಿಲ್ಲ. ನನ್ನ ಸಹೋದ್ಯೋಗಿಯ ಅಜ್ಜಿ ಆ ವಾರ್ಡ್‌ನಲ್ಲಿ ಇರಬೇಕಾಗಿತ್ತಂತೆ, ಹಿಂದಿನ ದಿನ ಮನೆಗೆ ಕರೆದುಕೊಂಡು ಬಂದಿದ್ದರಂತೆ. ಅದಕ್ಕೆ ಉಳಿದರು.

ಅವರನ್ನು ಕೇಳಿದರೆ ಗೆಲುವು ಸೋಲು ಅನ್ನುವ ಮಾತೇ ಬರಲ್ಲ. "ಹೂಮಾಲೆ ಹಾಕಿ ಕರೆದುಕೊಂಡವರು ನಾವೇ" ಅಂತ ಮಾತ್ರ ಹೇಳಿದರು. ಇದನ್ನು ಒಪ್ಪಿಕೊಂಡರೆ ನಿಮ್ಮ ಅಪ್ಪನ ಗೌರವ ಕಡಿಮೆ ಆಗುತ್ತೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಇದನ್ನು ಬಿಟ್ಟು ಯಾರಾದರೂ ಈ ಕಾರ್ಯಾಚರಣೆಗೆ ಅಂಕ ಹಾಕಿದರೆ ಆ ಅಂಕ ಸುಳ್ಳು. ಶಾಂತಿ ಅಂತ ಹೆಸರಿಟ್ಟು ಹೋದ ಮೇಲೆ, ಆ ಊರಿನವರು ರಾತ್ರಿ ಬಾಗಿಲು ತೆರೆದು ಮಲಗುವ ಹಾಗಾಯಿತಾ ಅನ್ನುವುದು ಮೊದಲ ಅಳತೆ.

ಶ್ರೀಲಂಕಾದ ದಕ್ಷಿಣದಲ್ಲೂ ಅಷ್ಟೇ. ಭಾರತ ಬಂತು ಅನ್ನುವ ಸಿಟ್ಟನ್ನೇ ಹಿಡಿದುಕೊಂಡು ಸಿಂಹಳೀಯರ ಎಡಪಂಥದ ಪಕ್ಷ ಜೆವಿಪಿ ದಂಗೆ ಎದ್ದಿತು, ಅದನ್ನು ತುಳಿಯುವಾಗ ಸಾವಿರಾರು ಸಿಂಹಳ ಯುವಕರು ಸತ್ತರು. ನಮ್ಮ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಅದೇ ಜೆವಿಪಿಯ ಅನುರ ಕುಮಾರ ದಿಸ್ಸನಾಯಕೆ 2024ರಲ್ಲಿ ಅಲ್ಲಿನ ಅಧ್ಯಕ್ಷ ಆದರು, ಗೆದ್ದ ಮೇಲೆ ಮೊದಲ ವಿದೇಶ ಭೇಟಿಗೆ ದೆಹಲಿಗೇ ಬಂದರು. ಕಾಲ ಹೇಗೆಲ್ಲ ತಿರುಗುತ್ತೆ ನೋಡಿ.

ಹಳೇ ಫೌಜಿ, ಬೈಲಹೊಂಗಲ

ಇಳಕಲ್ ತಮ್ಮಾ, ನೀನು ಬರೆದಿದ್ದು ಓದಿದೆ. ನಾನು ಆ ಆಸ್ಪತ್ರೆಯಲ್ಲಿ ಇರಲಿಲ್ಲ, ಇದ್ದೆ ಅಂತ ಏನೂ ಹೇಳಲಾರೆ. ಆ ವಾರಗಳಲ್ಲಿ ನಮ್ಮ ಹುಡುಗರು ಹೇಗಿದ್ದರು ಅಂತ ಮಾತ್ರ ಗೊತ್ತು: ನಿದ್ದೆ ಇಲ್ಲ, ಪ್ರತಿ ಕಿಟಕಿಯೂ ವೈರಿ, ಜೊತೆಗಾರನ ರಕ್ತ ಅಂಗಿ ಮೇಲೆ. ಅದು ಸಮರ್ಥನೆ ಅಲ್ಲ. ನರ್ಸ್‌ಗಳಿಗೆ ಗುಂಡು ಹೊಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ನಿನ್ನ ಗೆಳೆಯರ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ನಾವು ವಾಪಸ್ ಬಂದಾಗ ಮದ್ರಾಸ್ ಬಂದರಿಗೆ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ತಮಿಳರನ್ನು ಕೊಂದು ಬಂದ ಸೈನ್ಯವನ್ನು ಹೇಗೆ ಸ್ವಾಗತಿಸಲಿ ಅನ್ನುವುದು ಅವರ ನಿಲುವು. ಆವತ್ತು ಬಹಳ ಸಿಟ್ಟು ಬಂದಿತ್ತು. ಈಗ ಈ ವಯಸ್ಸಿನಲ್ಲಿ ಅರ್ಧ ಅರ್ಥ ಆಗುತ್ತೆ. ಅರ್ಧ ಇನ್ನೂ ಆಗಿಲ್ಲ.

ತಂಗಿ, ನಮ್ಮವರ ಹೆಸರು ಬರೆದ ಗೋಡೆ ದೆಹಲಿಗಿಂತ ಮೊದಲೇ ಎದ್ದಿದ್ದು ಕೊಲಂಬೊ ಪಕ್ಕದಲ್ಲಿ, ಅವರ ಸಂಸತ್ತಿನ ಹತ್ತಿರ. ಶ್ರೀಲಂಕಾದವರು ಕಟ್ಟಿಸಿದ್ದು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಬಂದಿದ್ದು 2019ರಲ್ಲಿ. ನಿಮ್ಮ ಅಪ್ಪನಿಗೆ ಇದು ಗೊತ್ತಿದೆಯಾ ಕೇಳು.

ಮಲಪ್ರಭೆ ದಂಡೆಯವಳು, ಬೆಳಗಾವಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಫೌಜಿ ಕಾಕಾನ ಕುಸ್ತಿಯ ಮಾತಿಗೆ ತಲೆ ಆಡಿಸಿದರು. ಗೋಕಾಕದವರು ಬರೆದದ್ದಕ್ಕೆ "ಹೌದು, ಖರೇ ಐತಿ" ಅಂದರು, ಸಿಟ್ಟು ಮಾಡಲಿಲ್ಲ. ಇಳಕಲ್ ಅಣ್ಣನದು ಓದುವಾಗ ನನಗೇ ಧ್ವನಿ ಸಣ್ಣದಾಯಿತು, ಬಿಟ್ಟುಬಿಡಲಾ ಅಂತಲೂ ಅನ್ನಿಸಿತು. ಅಪ್ಪ ಅದನ್ನು ಎರಡು ಸಲ ಓದಿಸಿದರು. ಆಮೇಲೆ ಬಹಳ ಹೊತ್ತು ಅಂಗಳ ನೋಡುತ್ತಾ ಕೂತರು.

ಆಮೇಲೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಒಂದು ವಿಷಯ ಹೇಳಿದರು. ಅವರ ಠಾಣ್ಯ ಇದ್ದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಮೊದಲ ತಿಂಗಳು ದಿನಾ ಬೆಳಿಗ್ಗೆ ಬಾವಿಯ ನೀರು, ಒಂದು ತುಂಡು ತಾಳೆ ಬೆಲ್ಲ ತಂದು ಕೊಡುತ್ತಿದ್ದಳು. ಭಾಷೆ ಬರುತ್ತಿರಲಿಲ್ಲ, ಅಪ್ಪ ಕನ್ನಡದಲ್ಲಿ ಅಜ್ಜಿ ಅನ್ನುತ್ತಿದ್ದರು, ಅವಳು ತಮಿಳಿನಲ್ಲಿ ತಂಬಿ ಅನ್ನುತ್ತಿದ್ದಳು. ಅಕ್ಟೋಬರ್ ಆದ ಮೇಲೆ ಒಂದು ದಿನ ಅದೇ ಮನೆ ಹುಡುಕಾಟಕ್ಕೆ ಇವರೇ ಹೋದರು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅವತ್ತು ಅವಳು ತಂಬಿ ಅನ್ನಲಿಲ್ಲ. "ಅವತ್ತೇ ನನಗ ಗೊತ್ತಾತು" ಅಂದರು ಅಪ್ಪ. ಏನು ಗೊತ್ತಾಯಿತು ಅಂತ ನಾನು ಕೇಳಲಿಲ್ಲ.

ಕೊಲಂಬೊದ ಗೋಡೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಎದ್ದು ಒಳಗೆ ಹೋಗಿ ಹಳೆಯ ಕ್ಯಾಲೆಂಡರ್ ಹಾಳೆ ತಂದು ಅದರ ಹಿಂದೆ ನಾಲ್ಕು ಹೆಸರು ಬರೆದರು. ಅವರ ಸೆಕ್ಷನ್‌ನ ಹುಡುಗರು, ಸ್ಫೋಟದಲ್ಲಿ ಇವರ ಮುಂದೆ ನಡೆಯುತ್ತಿದ್ದವರು. ಹೆಸರು, ಊರು, ನಂಬರ್ ಎಲ್ಲ ಬಾಯಲ್ಲೇ ಇತ್ತು, ಒಂದು ಸಲವೂ ತಡವರಿಸಲಿಲ್ಲ.

ನಿಮ್ಮಲ್ಲಿ ಯಾರಾದರೂ ಕೊಲಂಬೊ ಕಡೆ ಹೋಗುವವರಿದ್ದರೆ ದಯವಿಟ್ಟು ತಿಳಿಸಿ. ಹೆಸರುಗಳನ್ನು ಬೇರೆಯಾಗಿ ಕಳಿಸುತ್ತೇನೆ. ಆ ನಾಲ್ಕೂ ಹೆಸರು ಗೋಡೆ ಮೇಲೆ ಇವೆಯಾ ಅಂತ ನೋಡಿ, ಸಾಧ್ಯವಾದರೆ ಒಂದು ಫೋಟೊ ತೆಗೆದು ಕಳಿಸಬೇಕು. ಅಪ್ಪ ದಿನಾ ಸಂಜೆ ಕೇಳುತ್ತಿದ್ದಾರೆ.